ಬೋನಿನ ಇಲಿಯೂ ನಮ್ಮ ಊಟದ ತಟ್ಟೆಯೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ಉತ್ಸವದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದಾಗ, ನಾವು ಪಂಪ ರನ್ನರ ವಿಷಯವನ್ನೋ ವಚನಕಾರರ ವಿಷಯವನ್ನೋ ಎತ್ತಿಕೊಳ್ಳುವೆವೆಂದು ಅವರು ಎಣಿಸಿದ್ದಿರಬೇಕು. ವಿದ್ವತ್ ಪರೀಕ್ಷೆಯನ್ನು ಮುಗಿಸಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವರಿಂದ ಬೇರೇನನ್ನು ನಿರೀಕ್ಷಿಸಲಾದೀತು? ಆದರೆ ಇಂದು ನಾವು ಇಲಿಗಳ ವಿಷಯವಾಗಿ ಮಾತನಾಡಲು ನಿಂತಿದ್ದೇವೆ. ತಾವು ನಕ್ಕರೆ ನಮಗೆ ಬೇಸರವಿಲ್ಲ. ನಕ್ಕ ಮೇಲೆ ಸ್ವಲ್ಪ ಹೊತ್ತು ಕಿವಿಗೊಡಬೇಕೆಂದು ಮಾತ್ರ ಪ್ರಾರ್ಥನೆ.

ಇದಕ್ಕೆ ಕಾರಣವಾದ ಒಂದು ಸಣ್ಣ ಸಂಗತಿಯನ್ನು ಮೊದಲು ಅರಿಕೆ ಮಾಡುತ್ತೇವೆ. ಕಳೆದ ವರ್ಷ ಮಧ್ಯಾಹ್ನದ ಬಿಡುವಿನಲ್ಲಿ ನಾವು ಶಾಲೆಯ ಜಗಲಿಯ ಮೇಲೆ ಹೋಗುತ್ತಿದ್ದೆವು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಗೋಡೆಯ ಕಡೆಗೆ ಮುಖಮಾಡಿ ಕುಳಿತು, ಡಬ್ಬಿಯ ಮುಚ್ಚಳವನ್ನು ಒಂದು ಕೈಯಲ್ಲಿ ಮರೆ ಹಿಡಿದು ಉಣ್ಣುತ್ತಿದ್ದಳು. ಡಬ್ಬಿಯಲ್ಲಿದ್ದುದು ರಾಗಿಯ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ಪಕ್ಕದಲ್ಲಿ ಕುಳಿತಿದ್ದ ಹುಡುಗಿಯರು ಅಂಗಡಿಯಿಂದ ತಂದ ಬಣ್ಣಬಣ್ಣದ ಪೊಟ್ಟಣಗಳನ್ನು ಹರಿದು, ಎಲ್ಲರೂ ಕಾಣುವಂತೆ ಕುರುಕುತ್ತಿದ್ದರು. “ಯಾಕಮ್ಮ ಮರೆ ಮಾಡುತ್ತೀಯೆ?” ಎಂದು ಕೇಳಿದೆವು. “ಏನಿಲ್ಲ ಸಾರ್, ಕಪ್ಪಗಿದೆ ಅಂತ ನಗ್ತಾರೆ” ಎಂದಳು. ಮರುಮಾತು ನಮ್ಮ ಬಾಯಿಂದ ಹೊರಡಲಿಲ್ಲ. ಏಕೆಂದರೆ ಸಂಬಳದ ಕೆಲಸ ಸಿಕ್ಕಿದ ಮೇಲೆ ನಮ್ಮ ಮನೆಯಲ್ಲಿಯೂ ರಾಗಿಯ ಮುದ್ದೆ ಹಿಂದೆ ಸರಿದು, ಮೂರು ಹೊತ್ತೂ ಬಿಳಿಯ ಅನ್ನವೇ ಆಗಿಹೋಗಿತ್ತು. ನಮ್ಮ ತಾಯಿಯವರು, “ಮುದ್ದೆ ಉಂಡು ಬೆಳೆದವನಿಗೆ ಈಗ ಮುದ್ದೆ ಗಂಟಲಲ್ಲಿ ಇಳಿಯದೋ?” ಎಂದು ಕೇಳುವುದನ್ನೂ ಬಿಟ್ಟಿದ್ದರು. ನಲವತ್ತನ್ನು ದಾಟಿದ ಮೇಲೆ ವೈದ್ಯರು ನಮ್ಮ ರಕ್ತವನ್ನು ಪರೀಕ್ಷಿಸಿ, ಸಕ್ಕರೆ ಏರುತ್ತಿದೆ, ಸೊಂಟದ ಸುತ್ತಳತೆಯೂ ಏರಿದೆ, ಜೋಕೆ ಎಂದು ಎಚ್ಚರಿಸಿದ್ದರು. ಹೀಗಿರುವಲ್ಲಿ ಆ ಮಗುವಿಗೆ ಬುದ್ಧಿ ಹೇಳುವ ಅಧಿಕಾರ ನಮಗೆಲ್ಲಿಯದು?

ಅಂದಿನಿಂದ ಆಹಾರದ ವಿಷಯವಾಗಿ ಸಿಕ್ಕಿದುದನ್ನೆಲ್ಲ ಓದತೊಡಗಿದೆವು. ಓದುತ್ತ ಹೋದಂತೆ ಒಂದು ಮಾತು ಸ್ಪಷ್ಟವಾಯಿತು. ಯಾವ ಕಾಳಿನಲ್ಲಿ ಏನಿದೆ, ಯಾವುದನ್ನುಂಡರೆ ಮೈ ಬೆಳೆಯುತ್ತದೆ, ಯಾವುದನ್ನುಂಡರೆ ಕೇವಲ ಬೊಜ್ಜು ಬೆಳೆಯುತ್ತದೆ ಎಂದು ಇಂದು ನಾವು ಧೈರ್ಯವಾಗಿ ಹೇಳುವುದರ ಹಿಂದೆ, ಬೋನಿನಲ್ಲಿ ಹುಟ್ಟಿ ಬೋನಿನಲ್ಲಿಯೇ ಸತ್ತ ಲಕ್ಷಾಂತರ ಮೂಕಪ್ರಾಣಿಗಳಿವೆ. ಅವುಗಳ ಸಾಕ್ಷ್ಯವನ್ನು ತಮ್ಮ ಮುಂದಿಡುವುದೇ ಇಂದಿನ ಭಾಷಣದ ಉದ್ದೇಶ.

ಕನ್ನಡಿಗರಿಗೆ ಧಾನ್ಯಗಳ ನ್ಯಾಯವಿಚಾರಣೆ ಹೊಸದಲ್ಲ. ಕನಕದಾಸರ ರಾಮಧಾನ್ಯಚರಿತೆಯ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ಭತ್ತಕ್ಕೂ ರಾಗಿಗೂ ಹಿರಿಮೆಯ ವಿಷಯದಲ್ಲಿ ವಿವಾದ ಹುಟ್ಟುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳ ಕಾಲ ಸೆರೆಯಲ್ಲಿಡುತ್ತಾನೆ. ಅವಧಿ ಕಳೆದು ತೆಗೆದು ನೋಡಿದಾಗ ಭತ್ತ ಸೊರಗಿರುತ್ತದೆ, ರಾಗಿ ಕೆಡದೆ ಉಳಿದಿರುತ್ತದೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ತೀರ್ಪು ಮಾತಿನ ಬಲದಿಂದ ಆಗಲಿಲ್ಲ. ಎರಡನ್ನೂ ಒಂದೇ ಸ್ಥಿತಿಯಲ್ಲಿಟ್ಟು, ಒಂದೇ ಕಾಲ ಕಾದು, ಫಲವನ್ನು ಕಣ್ಣಿನಿಂದ ಕಂಡ ಮೇಲೆ ಆಯಿತು. ವಿಜ್ಞಾನಿಗಳು ಪ್ರಯೋಗವೆಂದು ಕರೆಯುವುದೂ ಇದನ್ನೇ. ಆದರೆ ಅವರು ಕಾಳನ್ನು ಸೆರೆಯಲ್ಲಿಡಲಿಲ್ಲ. ಕಾಳನ್ನು ತಿನ್ನುವ ಪ್ರಾಣಿಯನ್ನು ಸೆರೆಯಲ್ಲಿಟ್ಟರು.

ಈ ವಿಚಾರಣೆಯ ಮೊದಲ ಸಾಕ್ಷಿ ಇಲಿಯಲ್ಲ, ಕೋಳಿ. ಜಾವಾ ದ್ವೀಪದ ಬಟೇವಿಯ ನಗರದಲ್ಲಿ, ಎಂದರೆ ಇಂದಿನ ಜಕಾರ್ತದಲ್ಲಿ, 1880ರ ದಶಕದ ಕೊನೆಯಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ಚರ ವೈದ್ಯರು ಬೆರಿಬೆರಿ ಎಂಬ ರೋಗದ ಕಾರಣವನ್ನು ಹುಡುಕುತ್ತಿದ್ದರು. ಕಾಲು ಸೋತು, ನರ ಕುಂದಿ, ಹೃದಯ ನಿಂತು ಜನ ಸಾಯುತ್ತಿದ್ದ ರೋಗವದು. ಯಾವುದೋ ರೋಗಾಣುವೇ ಕಾರಣವೆಂದು ಅವರೂ ನಂಬಿದ್ದರು. ಅಷ್ಟರಲ್ಲಿ ಅವರ ಕೋಳಿಗಳಿಗೇ ಕಾಲು ಸೋಲುವ ರೋಗ ಬಂದಿತು. ಕೆಲವು ತಿಂಗಳ ಮೇಲೆ ತಾನಾಗಿಯೇ ವಾಸಿಯಾಯಿತು. ವಿಚಾರಿಸಲಾಗಿ ತಿಳಿದುದೇನು? ರೋಗ ಬಂದ ಕಾಲದಲ್ಲಿ ಕೋಳಿಗಳಿಗೆ ಸೈನಿಕರ ಆಸ್ಪತ್ರೆಯ ಅಡಿಗೆಮನೆಯಿಂದ ಬಿಳಿಯ ಅಕ್ಕಿಯ ಅನ್ನವನ್ನು ಹಾಕುತ್ತಿದ್ದರು. ಹೊಸದಾಗಿ ಬಂದ ಅಡಿಗೆಯವನು, ಸೈನಿಕರ ಅಕ್ಕಿ ಸೈನಿಕರಲ್ಲದ ಕೋಳಿಗಳಿಗೆ ಸಲ್ಲದೆಂದು ನಿಲ್ಲಿಸಿಬಿಟ್ಟನು. ಮತ್ತೆ ಅಗ್ಗದ ಕೆಂಪು ಅಕ್ಕಿ ಬಂದಿತು. ಕೋಳಿಗಳು ಎದ್ದು ನಡೆದವು. ಅಡಿಗೆಯವನ ಆ ಜಿಪುಣತನ ಲೋಕಕ್ಕೆ ಎಷ್ಟು ದೊಡ್ಡ ಉಪಕಾರ ಮಾಡಿತು ನೋಡಿ! ಅಕ್ಕಿಯನ್ನು ಬೆಳ್ಳಗೆ ಮಾಡುವಾಗ ಹೋಗುವ ತೌಡಿನಲ್ಲಿಯೇ ಜೀವವನ್ನು ಕಾಯುವ ವಸ್ತುವೊಂದಿದೆಯೆಂದು ಐಕ್‌ಮನ್ನರ ತರುವಾಯ ಅದೇ ಪ್ರಯೋಗಶಾಲೆಯಲ್ಲಿ ದುಡಿದವರು ತೋರಿಸಿಕೊಟ್ಟರು. ಅದನ್ನು ನಾವೀಗ ಬಿ-ಒಂದು ಜೀವಸತ್ವವೆಂದು ಕರೆಯುತ್ತೇವೆ. 1929ರಲ್ಲಿ ಐಕ್‌ಮನ್ನರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇಲಿಗಳಿಗೆ ಹಾಲು ಕೊಟ್ಟೂ ಕೊಡದೆಯೂ ಪರೀಕ್ಷಿಸಿ, ಆಹಾರದಲ್ಲಿ ಅಲ್ಪಪ್ರಮಾಣದ ಸೂಕ್ಷ್ಮವಸ್ತುಗಳು ಅವಶ್ಯವೆಂದು 1912ರಲ್ಲಿ ಪ್ರಕಟಿಸಿದ್ದ ಇಂಗ್ಲೆಂಡಿನ ಹಾಪ್‌ಕಿನ್ಸರು ಅದನ್ನು ಅವರೊಡನೆ ಹಂಚಿಕೊಂಡರು.

ಈಗ ನಮ್ಮ ನೆರೆಗೆ ಬರೋಣ. ತಾಳವಾಡಿಯಿಂದ ಹೊರಟು, ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನು ಇಳಿದು, ಸತ್ಯಮಂಗಲ ಮೇಟುಪಾಳ್ಯಗಳನ್ನು ದಾಟಿ ಮತ್ತೆ ಬೆಟ್ಟವನ್ನೇರಿದರೆ ಕೂನೂರು. ಅಲ್ಲಿಯ ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ 1918ರಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಒಂದು ಶಾಖೆ ಆರಂಭವಾಯಿತು. ಅದನ್ನು ನಡೆಸಿದವರು ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು. ಐರ್ಲೆಂಡಿನಲ್ಲಿ ಹುಟ್ಟಿ, ಗಿಲ್ಗಿಟ್ಟಿನ ಪರ್ವತಪ್ರದೇಶದಲ್ಲಿ ಕೆಲವು ವರ್ಷ ಸೇವೆ ಮಾಡಿ, ಅಲ್ಲಿಯ ಜನರ ದೃಢವಾದ ಮೈಕಟ್ಟನ್ನು ಕಂಡು ಬೆರಗಾಗಿದ್ದವರು. ಆ ಒಂದು ಕೋಣೆಯೇ ಬೆಳೆದು 1928ರಲ್ಲಿ ಪೋಷಣಸಂಶೋಧನ ಪ್ರಯೋಗಶಾಲೆಯಾಯಿತು. 1958ರಲ್ಲಿ ಹೈದರಾಬಾದಿಗೆ ಹೋಯಿತು. 1969ರಿಂದ ರಾಷ್ಟ್ರೀಯ ಪೋಷಣಸಂಸ್ಥೆಯೆಂಬ ಹೆಸರಿನಿಂದ ನಡೆಯುತ್ತಿದೆ. ಇಡೀ ಭಾರತಕ್ಕೆ ಊಟದ ಲೆಕ್ಕ ಹೇಳುವ ಸಂಸ್ಥೆ ನಮ್ಮ ಬೆಟ್ಟದ ಸಾಲಿನಲ್ಲಿಯೇ ಕಣ್ಣು ತೆರೆಯಿತೆಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕಾದ ವಿಷಯ.

ಮೆಕ್‌ಕ್ಯಾರಿಸನ್ನರು ಮಾಡಿದ ಪ್ರಯೋಗ ಬಹಳ ಸರಳವಾದುದು. ಒಂದೇ ವಯಸ್ಸಿನ, ಒಂದೇ ತೂಕದ ಎಳೆಯ ಬಿಳಿ ಇಲಿಗಳನ್ನು ಇಪ್ಪತ್ತಿಪ್ಪತ್ತರಂತೆ ಏಳು ಗುಂಪು ಮಾಡಿದರು. ಬೋನು ಒಂದೇ ಬಗೆ, ಗಾಳಿ ಬೆಳಕು ಒಂದೇ ಬಗೆ, ಶುಚಿ ಒಂದೇ ಬಗೆ. ಬೇರೆಯಾದುದು ಊಟ ಮಾತ್ರ. ಒಂದು ಗುಂಪಿಗೆ ಸಿಖ್ಖರ ಊಟ, ಮತ್ತೊಂದಕ್ಕೆ ಪಠಾಣರದು, ಉಳಿದವಕ್ಕೆ ಮರಾಠರದು, ಗೂರ್ಖರದು, ಬಂಗಾಳಿಗಳದು, ಮದರಾಸಿನವರದು. ಇನ್ನೊಂದು ಗುಂಪಿಗೆ ಯಾರ ಊಟವೆನ್ನುವಿರಿ? ಕನ್ನಡಿಗರದು! ಹೌದು, ಕೂನೂರಿನ ಬೋನುಗಳಲ್ಲಿ ನಮ್ಮ ಊಟವನ್ನುಂಡು ನಮ್ಮ ಪರವಾಗಿ ಸಾಕ್ಷಿ ನುಡಿದ ಇಪ್ಪತ್ತು ಇಲಿಗಳಿದ್ದವು. ಅವಧಿ ಮುಗಿದು ತೂಗಿ ನೋಡಿದಾಗ ಸಿಖ್ಖರ ಊಟದ ಇಲಿ ಸುಮಾರು 235 ಗ್ರಾಂ ತೂಗಿತು. ಕನ್ನಡಿಗರ ಊಟದ ಇಲಿ ಸುಮಾರು 185 ಗ್ರಾಂ. ಎಲ್ಲಕ್ಕೂ ಕೊನೆಯದಾದ ಮದರಾಸಿನ ಊಟದ್ದು ಸುಮಾರು 155 ಗ್ರಾಂ. ಮೇಲಿನ ಊಟಗಳಲ್ಲಿ ಇಡಿಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಬೇಳೆಕಾಳು, ಹಸಿಯ ತರಕಾರಿಗಳಿದ್ದವು. ಕೆಳಗಿಳಿದಂತೆ ಹಾಲು ಬೆಣ್ಣೆಗಳು ಕ್ಷೀಣಿಸಿ, ತೊಳೆದು ಬಸಿದ ಬಿಳಿಯ ಅಕ್ಕಿಯೇ ತಟ್ಟೆಯನ್ನು ತುಂಬಿತ್ತು.

ಈ ಪಟ್ಟಿಯನ್ನು ಕೇಳಿ ಯಾರೂ ತಲೆ ತಗ್ಗಿಸಬೇಕಾಗಿಲ್ಲ. ಯಾರೂ ಮೀಸೆ ತಿರುವಬೇಕಾಗಿಯೂ ಇಲ್ಲ. ಇಲಿಯು ಅಳೆದುದು ಊಟವನ್ನು, ಜನರನ್ನಲ್ಲ. ಈ ಜನ ವೀರರು, ಆ ಜನ ದುರ್ಬಲರು ಎಂದು ವಿಂಗಡಿಸುವ ಚಟ ಆ ಕಾಲದ ಆಳರಸರಿಗೆ ಇದ್ದಿತು. ಆದರೆ ಒಂದೇ ತಾಯಿಯ ಇಲಿಮರಿಗಳನ್ನು ಬೇರೆ ಬೇರೆ ಬೋನಿನಲ್ಲಿಟ್ಟರೆ ಬೇರೆ ಬೇರೆಯಾಗಿ ಬೆಳೆಯುತ್ತವೆಂದ ಮೇಲೆ, ಬಲವಿರುವುದು ಕುಲದಲ್ಲಲ್ಲ, ಕೂಳಿನಲ್ಲಿ ಎಂದು ಆ ಪ್ರಯೋಗವೇ ಸಾರಿದಂತಾಯಿತು. ಮತ್ತೆ, ಹಾಲು ಬೆಣ್ಣೆಗಳಿಲ್ಲದ ತಟ್ಟೆ ಬಡವನ ತಟ್ಟೆಯೇ ಹೊರತು ಯಾವ ಭಾಷೆಯವರ ತಟ್ಟೆಯೂ ಅಲ್ಲ.

ಅವರು ತಮ್ಮ ದೇಶದವರನ್ನೂ ಬಿಡಲಿಲ್ಲ. ಇಂಗ್ಲೆಂಡಿನ ಬಡವರು ತಿನ್ನುತ್ತಿದ್ದ ಬಿಳಿಯ ಬ್ರೆಡ್ಡು, ಕೃತಕ ಬೆಣ್ಣೆ, ಸಕ್ಕರೆ ಹಾಕಿದ ಚಹ, ಡಬ್ಬಿಯ ಮಾಂಸ, ಜಾಮು, ಬೇಯಿಸಿದ ತರಕಾರಿ ಇವುಗಳನ್ನು ಒಂದು ಗುಂಪಿಗೆ ಹಾಕಿದರು. ಆ ಇಲಿಗಳು ಕುಗ್ಗಿದವು. ಮೈಯ ಕೂದಲು ಹೊಳಪುಗೆಟ್ಟಿತು. ಸ್ವಭಾವವೂ ಕೆಟ್ಟು, ನೋಡಿಕೊಳ್ಳುವವರನ್ನೇ ಕಚ್ಚತೊಡಗಿದವು. ಅರುವತ್ತನೆಯ ದಿನದ ಹೊತ್ತಿಗೆ ತಮ್ಮಲ್ಲಿಯೇ ದುರ್ಬಲವಾದವನ್ನು ಕೊಂದು ತಿನ್ನಲಾರಂಭಿಸಿದವು. ಒಳ್ಳೆಯ ಊಟದ ಇಲಿಗಳಾದರೋ ಒಂದರೊಡನೊಂದು ಸೌಖ್ಯವಾಗಿದ್ದವು. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯಲ್ಲಿ ನಮ್ಮ ಹಿರಿಯರು ಊಟವನ್ನೂ ಜಗಳವನ್ನೂ ಅಕ್ಕಪಕ್ಕದಲ್ಲಿ ಕೂರಿಸಿದುದು ಸುಮ್ಮನೆಯಲ್ಲ ಎಂದು ನಮಗೆ ತೋರಿತು.

ಇಷ್ಟೆಲ್ಲ ಪ್ರಾಣಿಗಳಿರುವಾಗ ಇಲಿಯೇ ಏಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಇಲಿಯು ನಾವು ತಿನ್ನುವುದನ್ನೆಲ್ಲ ತಿನ್ನುತ್ತದೆ. ನಮ್ಮ ಕಣಜದಲ್ಲಿ ಸಾವಿರಾರು ವರ್ಷ ಪಾಲು ಕೇಳಿದ ಪ್ರಾಣಿಯಲ್ಲವೇ! ಗರ್ಭಧಾರಣೆ ಮೂರು ವಾರ. ಎರಡು ಮೂರು ತಿಂಗಳಲ್ಲಿ ಪ್ರಾಯ. ಆಯುಷ್ಯ ಎರಡು ಮೂರು ವರ್ಷ. ಮನುಷ್ಯನಲ್ಲಿ ಎಪ್ಪತ್ತು ವರ್ಷ ಕಾದು ನೋಡಬೇಕಾದುದನ್ನು ಇಲಿಯಲ್ಲಿ ಮೂರು ವರ್ಷದಲ್ಲಿ ಕಾಣಬಹುದು. ಅಜ್ಜಿಯ ಊಟ ಮೊಮ್ಮಗುವಿಗೆ ಏನು ಮಾಡಿತೆಂಬುದನ್ನು ಒಬ್ಬನೇ ವಿಜ್ಞಾನಿಯು ತನ್ನ ಜೀವಿತಕಾಲದಲ್ಲಿ ಹಲವು ಸಲ ನೋಡಬಹುದು. ಎಲ್ಲಕ್ಕೂ ಮಿಗಿಲಾಗಿ, ತೂಗಿ ಹಾಕಿದುದನ್ನಷ್ಟೇ ಅದು ತಿನ್ನುತ್ತದೆ. ಮನುಷ್ಯನಾದರೋ ವೈದ್ಯರ ಮುಂದೆ ಒಂದು ಹೇಳಿ, ಹಬ್ಬದ ಮನೆಯಲ್ಲಿ ಇನ್ನೊಂದು ಉಣ್ಣುವವನು.

ಕೂನೂರಿನ ಸಾಕ್ಷ್ಯದಿಂದ ನಮ್ಮ ಸೀಮೆಗೆ ದೊರೆತ ಪಾಠಗಳು ಎರಡು. ಮೊದಲನೆಯದು ಅಕ್ಕಿಯ ವಿಷಯ. ಮೆಕ್‌ಕ್ಯಾರಿಸನ್ನರು 1935ರಲ್ಲಿ ನಿವೃತ್ತರಾದ ಮೇಲೆ ಬಂದ ವ್ಯಾಲೇಸ್ ಐಕ್ರಾಯ್ಡ್ ಎಂಬವರು ಮದರಾಸು ಪ್ರಾಂತದ ಅಕ್ಕಿಯನ್ನು ಬಗೆಬಗೆಯಾಗಿ ಪರೀಕ್ಷಿಸಿದರು. ಭತ್ತವನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಕುಟ್ಟಿದರೆ ತೌಡಿನ ಸತ್ವವು ಅಕ್ಕಿಯ ಒಳಕ್ಕೆ ಇಳಿದು ನಿಲ್ಲುತ್ತದೆ. ಬಳಿಕ ಮಿಲ್ಲಿನಲ್ಲಿ ಬೆಳ್ಳಗೆ ಮಾಡಿದರೂ ಬಹುಭಾಗ ಉಳಿಯುತ್ತದೆ. ಆದುದರಿಂದಲೇ ಕುಸುಬಲಕ್ಕಿಯನ್ನು ಉಣ್ಣುವ ಸೀಮೆಗಳಲ್ಲಿ ಬೆರಿಬೆರಿ ವಿರಳ. ಬೆಳ್ತಿಗೆಯನ್ನು ನಯಮಾಡಿ ಉಣ್ಣುತ್ತಿದ್ದ ಆಂಧ್ರದ ಕರಾವಳಿಯ ಜಿಲ್ಲೆಗಳಲ್ಲಿ ಅದು ನೆಲೆಸಿದ್ದಿತು. ಯಾವ ಪುಸ್ತಕವನ್ನೂ ಓದದ ನಮ್ಮ ಅಜ್ಜಿಯರು ಹಂಡೆಯಲ್ಲಿ ಭತ್ತ ಬೇಯಿಸುತ್ತಿದ್ದುದು ಎಂತಹ ವಿವೇಕದ ಕೆಲಸವೆಂಬುದಕ್ಕೆ ಪ್ರಯೋಗಶಾಲೆ ಮುದ್ರೆಯೊತ್ತಿತು.

ಎರಡನೆಯದು ರಾಗಿಯ ವಿಷಯ. ನೂರು ಗ್ರಾಂ ರಾಗಿಯಲ್ಲಿ ಸುಮಾರು 344 ಮಿಲಿಗ್ರಾಂ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಉಂಟು. ಮಿಲ್ಲಿನ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಮಿನಷ್ಟು. ಮೂಳೆಗೂ ಹಲ್ಲಿಗೂ ಬೇಕಾದ ಈ ವಸ್ತುವಿನಲ್ಲಿ ಬೇರೆ ಯಾವ ಮುಖ್ಯಧಾನ್ಯವೂ ರಾಗಿಯ ಸಮಕ್ಕೆ ಬರುವುದಿಲ್ಲ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರ ಆಹಾರಸಂಶೋಧನಾಲಯದವರೂ ಬಡವರ ಅನ್ನದ ಊಟದಲ್ಲಿ ಅಕ್ಕಿಯ ಒಂದು ಭಾಗಕ್ಕೆ ಬದಲಾಗಿ ಇಂತಹ ಧಾನ್ಯಗಳನ್ನು ಸೇರಿಸಿ ಎಳೆಯ ಇಲಿಗಳಿಗೆ ಹಾಕಿ ನೋಡಿದವರೇ. ಕನಕದಾಸರ ಕಾವ್ಯದಲ್ಲಿ ಗೆದ್ದ ಧಾನ್ಯ ತಕ್ಕಡಿಯ ಮುಂದೆಯೂ ಸೋಲಲಿಲ್ಲ. ಆದರೆ ರಾಗಿಯೊಂದರಿಂದಲೇ ಎಲ್ಲವೂ ದೊರೆಯುವುದೆಂದು ಹೇಳುವವರು ಪ್ರಾಮಾಣಿಕರಲ್ಲ. ಅದರಲ್ಲಿ ಮಾಂಸಾಂಶ, ಎಂದರೆ ಪ್ರೋಟೀನು, ಹೆಚ್ಚಿಲ್ಲ. ಅವರೆಯೋ ಹುರುಳಿಯೋ ಸೊಪ್ಪೋ ಮೊಟ್ಟೆಯೋ ಮಜ್ಜಿಗೆಯೋ ಜೊತೆಗಿದ್ದರೇ ಮುದ್ದೆ ಪೂರ್ಣಭೋಜನ.

ಇದುವರೆಗೆ ಹೇಳಿದುದು ಕೊರತೆಯ ಕಥೆ. ಅಂದಿನ ವಿಜ್ಞಾನಿಗೆ ಭಾರವಾದ ಇಲಿಯೇ ಉತ್ತಮವಾದ ಇಲಿ. ಹಸಿದ ನಾಡಿನಲ್ಲಿ ತೂಕವೇ ಆರೋಗ್ಯದ ಅಳತೆ. ಈಗ ಕಥೆ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ.

1935ರಲ್ಲಿಯೇ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ಎಂಬವರು, ಜೀವಸತ್ವ ಲವಣಗಳಲ್ಲಿ ಕೊರತೆ ಮಾಡದೆ ಒಟ್ಟು ಊಟವನ್ನು ಮಾತ್ರ ಮಿತಗೊಳಿಸಿದರೆ ಇಲಿಗಳು ಹೆಚ್ಚು ಕಾಲ ಬದುಕುತ್ತವೆಂದು ತೋರಿಸಿದರು. ಹೊಟ್ಟೆ ಬಿರಿಯ ತಿನ್ನಿಸುವುದೇ ಪ್ರೀತಿಯೆಂದು ತಿಳಿದ ನಮಗೆ ಇದು ವಿಚಿತ್ರವಾಗಿ ಕಾಣಬಹುದು. ಅದಕ್ಕಿಂತ ನಮ್ಮ ಮಕ್ಕಳಿಗೆ ಹತ್ತಿರವಾದ ಪ್ರಯೋಗ 1976ರದು. ಅಮೆರಿಕದ ಸ್ಕ್ಲಾಫಾನಿ ಮತ್ತು ಸ್ಪ್ರಿಂಗರ್ ಎಂಬ ಇಬ್ಬರು ಸಂಶೋಧಕರು, ಬೆಳೆದ ಇಲಿಗಳಿಗೆ ಎಂದಿನ ಶುದ್ಧ ಆಹಾರವನ್ನು ಬೋನಿನಲ್ಲಿಟ್ಟು, ಅದರ ಜೊತೆಗೆ ಪೇಟೆಯ ಅಂಗಡಿಯಿಂದ ಸಿಹಿಬಿಸ್ಕತ್ತು, ಚಾಕಲೇಟು, ಗಟ್ಟಿಹಾಲು, ಕಡಲೆಕಾಯಿ ಬೆಣ್ಣೆ ಮುಂತಾದ ತಿಂಡಿಗಳನ್ನು ತಂದಿಟ್ಟರು. ಯಾರೂ ಬಲವಂತ ಮಾಡಲಿಲ್ಲ. ಇಲಿಗಳು ಹದವಾದ ಊಟವನ್ನು ಬಿಟ್ಟು ತಿಂಡಿಗಳ ಮೇಲೆಯೇ ಬಿದ್ದವು; ಎಂದಿನ ಆಹಾರದ ಇಲಿಗಳಿಗಿಂತ ಬಹಳ ಹೆಚ್ಚಾಗಿ ಕೊಬ್ಬಿದವು. ಕೇವಲ ಕೊಬ್ಬಿನ ಆಹಾರವನ್ನೋ ಕೇವಲ ಸಕ್ಕರೆಯನ್ನೋ ಕೊಟ್ಟು ಇಲಿಯನ್ನು ಕೊಬ್ಬಿಸುವುದಕ್ಕಿಂತ ಈ ಬಗೆಬಗೆಯ ತಿಂಡಿಯ ಮಾರ್ಗ ಬೇಗ ಫಲಿಸಿತು. ರುಚಿ ಬದಲಾಗುತ್ತಿದ್ದರೆ ಹೊಟ್ಟೆ ತುಂಬಿದ್ದರೂ ಬಾಯಿ ಸಾಕೆನ್ನುವುದಿಲ್ಲ. ನಮ್ಮ ಶಾಲೆಯ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ತೋರಣದಂತೆ ತೂಗುವ ಪೊಟ್ಟಣಗಳನ್ನು ಕಂಡಾಗಲೆಲ್ಲ ನಮಗೆ ಆ ಬೋನು ನೆನಪಾಗುತ್ತದೆ. ಮಕ್ಕಳ ನಾಲಗೆಗೆ ಸೋಲುವ ಸ್ವಭಾವವುಂಟು. ಅದು ಅವರ ದುರ್ಗುಣವಲ್ಲ, ಇಲಿಗೂ ಇರುವ ಜೀವಗುಣ. ಹಾಗಿರುವಾಗ ಮಗುವನ್ನು ಬಯ್ಯುವುದಕ್ಕಿಂತ ಬೋನಿನಲ್ಲಿ ಏನನ್ನಿಡಬೇಕೆಂದು ನಿರ್ಧರಿಸುವ ದೊಡ್ಡವರು ಯೋಚಿಸುವುದು ಯುಕ್ತ.

ಬೊಜ್ಜೆಲ್ಲ ತಿಂದವನ ತಪ್ಪೇ ಎಂದರೆ, ಅದೂ ಅಲ್ಲ. 1949ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಶಾಲೆಯಲ್ಲಿ, ಎಷ್ಟು ತಿಂದರೂ ತೃಪ್ತಿಯಿಲ್ಲದೆ ಚೆಂಡಿನಂತೆ ಊದಿದ ಸುಂಡಿಲಿಗಳು ಹುಟ್ಟಿದವು. ಡಗ್ಲಾಸ್ ಕೋಲ್ಮನ್ ಎಂಬವರು ಇಂತಹ ಇಲಿಯ ರಕ್ತಕ್ಕೂ ಸಾಧಾರಣ ಇಲಿಯ ರಕ್ತಕ್ಕೂ ಸಂಪರ್ಕ ಕಲ್ಪಿಸಿ, ‘ಸಾಕು’ ಎಂದು ಮಿದುಳಿಗೆ ಹೇಳುವ ಯಾವುದೋ ವಸ್ತು ರಕ್ತದಲ್ಲಿ ಹರಿಯುತ್ತಿರಬೇಕೆಂದು ಊಹಿಸಿದರು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ನರು ಅದರ ಮೂಲವನ್ನು ಕಂಡುಹಿಡಿದರು; ಆ ವಸ್ತುವಿಗೆ ಲೆಪ್ಟಿನ್ ಎಂದು ಹೆಸರಾಯಿತು. ಅದು ಹುಟ್ಟುವುದು ಮೈಯ ಕೊಬ್ಬಿನಲ್ಲಿಯೇ. ಹುಟ್ಟಿನಿಂದ ಲೆಪ್ಟಿನ್ ಇಲ್ಲದ ಕೆಲವು ಮಕ್ಕಳೂ ಜಗತ್ತಿನಲ್ಲಿ ಸಿಕ್ಕಿದರು. ಸೂಜಿಮದ್ದಾಗಿ ಅದನ್ನು ಕೊಟ್ಟಾಗ ಅವರ ತೀರದ ಹಸಿವು ತಣಿಯಿತು. ದಪ್ಪಗಿರುವ ಮಗುವನ್ನು ‘ಡುಮ್ಮ’ ಎಂದು ಕೂಗಿ ನಗುವವರು ಇದನ್ನು ಕೇಳಿಕೊಳ್ಳಬೇಕು. ಹಸಿವೆಂಬುದು ಮನಸ್ಸಿನ ಹಟವಷ್ಟೇ ಅಲ್ಲ, ರಕ್ತದ ಮಾತೂ ಹೌದು.

ಮತ್ತೆ ನಮ್ಮ ಕೂನೂರಿಗೇ ಸಂಬಂಧಿಸಿದ ಸಂಗತಿ. ಅಲ್ಲಿ ಸಾಕಿದ ವಿಸ್ಟಾರ್ ಕುಲದ ಬಿಳಿ ಇಲಿಗಳ ಸಂತತಿ ಪ್ರಯೋಗಶಾಲೆಯೊಡನೆಯೇ ಹೈದರಾಬಾದಿಗೆ ಹೋಯಿತು. ಹಲವು ದಶಕ ತಮ್ಮೊಳಗೇ ವೃದ್ಧಿಯಾದ ಆ ಸಂತತಿಯಲ್ಲಿ 1990ರ ದಶಕದಲ್ಲಿ ತಾನಾಗಿಯೇ ಒಂದು ಬೊಜ್ಜಿನ ಇಲಿ ಹುಟ್ಟಿತು. ಅಲ್ಲಿಯ ವಿಜ್ಞಾನಿಗಳು ಅದರ ವಂಶವನ್ನು ಬೆಳೆಸಿ ಲೋಕಕ್ಕೆ ಪರಿಚಯಿಸಿದರು. ಈ ಇಲಿಗಳು ಒಂದು ಕಿಲೋಗ್ರಾಮನ್ನು ಮೀರಿ ಬೆಳೆಯಬಲ್ಲವು. ಕೂನೂರಿನ ಬೋನಿನಲ್ಲಿ ಮೊದಲ ಬಹುಮಾನ ಪಡೆದ 235 ಗ್ರಾಮಿನ ಇಲಿಯ ನಾಲ್ಕು ಪಟ್ಟು! ಆದರೆ ಅವುಗಳ ಬಾಳೆಂತಹುದು? ಸಂತಾನವಿಲ್ಲ, ಕಣ್ಣಿಗೆ ಪೊರೆ, ಮೈಯಲ್ಲಿ ಗಡ್ಡೆಗಳು, ಆಯುಷ್ಯ ಉಳಿದ ಇಲಿಗಳ ಅರ್ಧದಷ್ಟು. ಅವುಗಳ ರಕ್ತದಲ್ಲಿ ಲೆಪ್ಟಿನ್ ಇಲ್ಲದೆ ಇಲ್ಲ, ಬೇಕಾದಷ್ಟಿದೆ. ಮಿದುಳು ಅದರ ಮಾತನ್ನು ಕೇಳುತ್ತಿಲ್ಲ. ಬೊಜ್ಜಿರುವ ಮನುಷ್ಯರಲ್ಲಿ ಬಹುಮಂದಿಯ ಸ್ಥಿತಿಯೂ ಹೀಗೆಯೇ. ಆದುದರಿಂದ ಲೆಪ್ಟಿನ್ ಸೂಜಿಯಿಂದ ಲೋಕದ ಬೊಜ್ಜೆಲ್ಲ ಕರಗುವುದೆಂಬ ಆಸೆ ಫಲಿಸಲಿಲ್ಲ. ಇಲಿಯು ದಾರಿ ತೋರುತ್ತದೆ, ಆದರೆ ಇಲಿ ಮನುಷ್ಯನಲ್ಲ. ಇಲಿಯಲ್ಲಿ ಕಂಡುದನ್ನು ಮನುಷ್ಯನಲ್ಲಿ ಪರೀಕ್ಷಿಸದೆ ನಂಬುವುದು ಅವಿವೇಕ. ಇಂತಹ ಪುಡಿಯಿಂದ ಇಲಿ ತೆಳ್ಳಗಾಯಿತು, ಕೊಳ್ಳಿರಿ ಎಂದು ಮಾರುವವರು ಬಂದರೆ ಈ ಮಾತನ್ನು ನೆನೆಯಿರಿ.

ಇದು ಪಟ್ಟಣದವರ ಚಿಂತೆ, ನಮಗೇಕೆ ಎನ್ನುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ನಲವತ್ತು ಮಂದಿ ಮಿತಿಮೀರಿದ ತೂಕದವರು. 2015-16ರ ಸಮೀಕ್ಷೆಯಲ್ಲಿ ಈ ಸಂಖ್ಯೆ ಮೂವತ್ತೊಂದರಷ್ಟಿತ್ತು. ನಮ್ಮ ಸೀಮೆಯಲ್ಲಿಯೂ ಒಂದೇ ಬೀದಿಯಲ್ಲಿ, ಒಮ್ಮೊಮ್ಮೆ ಒಂದೇ ಮನೆಯಲ್ಲಿ, ರಕ್ತವಿಲ್ಲದೆ ಸೊರಗಿದ ಮಗುವನ್ನೂ ಸಕ್ಕರೆರೋಗದ ತಂದೆಯನ್ನೂ ಕಾಣುತ್ತಿದ್ದೇವೆ. ಕೊರತೆಯ ಬೋನೂ ಅತಿಯ ಬೋನೂ ಒಂದೇ ಸೂರಿನ ಕೆಳಗೆ ಬಂದಿವೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನು ಎದುರಿಸದೆ ಮುಂದೆ ಹೋಗುವುದು ನ್ಯಾಯವಲ್ಲ. ನಮ್ಮ ಊಟದ ತಿಳಿವಳಿಕೆಗಾಗಿ ಮೂಕಪ್ರಾಣಿಗಳನ್ನು ಹಿಂಸಿಸುವುದು ಧರ್ಮವೇ? ಈ ಪ್ರಶ್ನೆಯನ್ನು ಕೇಳುವ ಹಕ್ಕು ಕನ್ನಡಿಗರಿಗೆ ಇತರರಿಗಿಂತ ಹೆಚ್ಚಾಗಿಯೇ ಉಂಟು. ಜನ್ನ ಕವಿಯು 1209ರಲ್ಲಿ ಯಶೋಧರಚರಿತೆಯನ್ನು ಬರೆದು ಮುಗಿಸಿದನು. ಆ ಕಾವ್ಯದಲ್ಲಿ ರಾಜನು ತಾಯಿಯ ಮಾತಿಗೆ ಕಟ್ಟುಬಿದ್ದು, ಜೀವವಿಲ್ಲದ ಹಿಟ್ಟಿನ ಕೋಳಿಯೊಂದನ್ನು ಬಲಿಕೊಟ್ಟ ಮಾತ್ರಕ್ಕೆ, ತಾಯಿ ಮಗನಿಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನೋಯಬೇಕಾಗುತ್ತದೆ. ಹಿಟ್ಟಿನ ಕೋಳಿಗೇ ಇಷ್ಟು ಲೆಕ್ಕವಿದ್ದರೆ ಬಟೇವಿಯದ ಜೀವಂತ ಕೋಳಿಗಳ ಲೆಕ್ಕ ಎಷ್ಟಾದೀತು?

ನಾವು ಈ ಪ್ರಶ್ನೆಯನ್ನು ಬಹುದಿನ ಮನಸ್ಸಿನಲ್ಲಿ ಹೊತ್ತು ತಿರುಗಿದ್ದೇವೆ. ಪೂರ್ಣವಾದ ಸಮಾಧಾನ ಸಿಕ್ಕಿದೆಯೆಂದು ಹೇಳಲಾರೆವು. ಆದರೆ ಒಂದು ಭೇದ ಕಾಣುತ್ತದೆ. ಜನ್ನನ ರಾಜನ ಬಲಿಯಿಂದ ಯಾರ ಹಸಿವೂ ತೀರಲಿಲ್ಲ, ಯಾರ ರೋಗವೂ ನೀಗಲಿಲ್ಲ. ಬಟೇವಿಯದ ಕೋಳಿಗಳಿಂದ ತಿಳಿದುದು ಎಷ್ಟೋ ತಾಯಂದಿರ ಮಡಿಲಿನ ಶಿಶುಗಳನ್ನು ಬದುಕಿಸಿತು. ಆದರೂ ಪ್ರಯೋಜನವಿದೆಯೆಂಬ ಒಂದೇ ಮಾತು ಎಲ್ಲವನ್ನೂ ಕ್ಷಮಿಸಲಾರದು. ಲೋಕದ ವಿಜ್ಞಾನಿಗಳೂ ಇದನ್ನು ಒಪ್ಪಿಕೊಂಡಿದ್ದಾರೆ. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರು ಮೂರು ನಿಯಮಗಳನ್ನು ಹೇಳಿದರು. ಪ್ರಾಣಿಯಿಲ್ಲದೆ ನಡೆಯುವುದಾದರೆ ಪ್ರಾಣಿಯನ್ನು ಬಳಸಬಾರದು; ಬಳಸಲೇಬೇಕಾದರೆ ಎಷ್ಟು ಕಡಮೆಯಾದೀತೋ ಅಷ್ಟನ್ನೇ ಬಳಸಬೇಕು; ಬಳಸುವಾಗ ನೋವನ್ನು ಆದಷ್ಟು ತಗ್ಗಿಸಬೇಕು. ನಮ್ಮ ದೇಶದಲ್ಲಿಯೂ ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಶಾಸನ 1960ರಲ್ಲಿಯೇ ಬಂದಿತು. ಪ್ರಯೋಗಗಳ ಮೇಲ್ವಿಚಾರಣೆಗೆ ಸಮಿತಿಯನ್ನು ಅದು ಏರ್ಪಡಿಸಿತು. ಕೇವಲ ಕೈಯ ಪಳಗಿಕೆಗಾಗಿ ಪ್ರಾಣಿಯನ್ನು ಕೊಯ್ಯಕೂಡದೆಂಬ ಭಾವವೂ ಅದರಲ್ಲಿದೆ.

ಇಲ್ಲಿ ನಮ್ಮ ಪಾಲಿನ ಕರ್ತವ್ಯವೂ ಒಂದಿದೆ. ಆ ಪ್ರಾಣಿಗಳು ಹೇಳಿದ ಸಾಕ್ಷ್ಯವನ್ನು ಕೇಳಿ ನಡೆಯದಿದ್ದರೆ ಅವುಗಳ ನೋವು ನಿಷ್ಫಲವಾಯಿತು. ತೌಡಿನ ಬೆಲೆಯನ್ನು ಕೋಳಿಗಳಿಂದ ತಿಳಿದೂ ಬೆಳ್ಳನೆಯ ಅಕ್ಕಿಯನ್ನೇ ಬಯಸಿದರೆ, ಪೊಟ್ಟಣದ ತಿಂಡಿಯ ಫಲವನ್ನು ಇಲಿಗಳಿಂದ ತಿಳಿದೂ ಮಕ್ಕಳ ಕೈಗೆ ಅದಕ್ಕೇ ಕಾಸು ಕೊಟ್ಟರೆ, ನಾವು ಕೊಟ್ಟ ಬಲಿಯೂ ಹಿಟ್ಟಿನ ಕೋಳಿಯ ಬಲಿಯಂತೆ ವ್ಯರ್ಥವಾಗುತ್ತದೆ.

ಹಾಗಾದರೆ ಮಾಡತಕ್ಕುದೇನು? ಕಷ್ಟವಾದುದೇನೂ ಇಲ್ಲ. ದಿನಕ್ಕೆ ಒಂದು ಹೊತ್ತಾದರೂ ರಾಗಿಯೋ ಜೋಳವೋ ಸಾಮೆಯೋ ತಟ್ಟೆಗೆ ಬರಲಿ. ಅನ್ನ ಮಾಡುವ ಹೊತ್ತಿಗೆ ಕುಸುಬಲಕ್ಕಿಯಿರಲಿ. ಮುದ್ದೆಯ ಪಕ್ಕದಲ್ಲಿ ಕಾಳೂ ಸೊಪ್ಪೂ ತಪ್ಪದಿರಲಿ. ನಮ್ಮ ಹೊಲದಲ್ಲಿ ಬೆಳೆದ ತರಕಾರಿಯೆಲ್ಲ ಲಾರಿ ಹತ್ತಿ ಪೇಟೆಗೆ ಹೋಗುವ ಮೊದಲು ಮನೆಯ ಮಕ್ಕಳ ಪಾಲು ತೆಗೆದಿಡಲಿ. ಪೊಟ್ಟಣದ ತಿಂಡಿ ಜಾತ್ರೆಯ ದಿನಕ್ಕಿರಲಿ, ಶಾಲೆಯ ದಿನಕ್ಕೆ ಬೇಡ. ಮಕ್ಕಳು ಸಂಜೆ ಬಯಲಿನಲ್ಲಿ ಓಡಲಿ. ಇವು ಯಾವುವೂ ಹೊಸ ಮಾತುಗಳಲ್ಲ. ನಮ್ಮ ತಾಯಂದಿರು ಬಲ್ಲ ಮಾತುಗಳೇ. ಮರೆತುದನ್ನು ನೆನಪಿಗೆ ತಂದುಕೊಳ್ಳುವುದಷ್ಟೇ ಕೆಲಸ.

ಕೊನೆಯದಾಗಿ ನಮ್ಮ ಸಂಘಕ್ಕೆ ಒಂದು ವಿಜ್ಞಾಪನೆ. ಗಡಿಯಲ್ಲಿರುವ ನಾವು ಕನ್ನಡವನ್ನು ಉಳಿಸಬೇಕೆಂದು ಪ್ರತಿವರ್ಷ ನಿರ್ಣಯ ಮಾಡುತ್ತೇವೆ. ಭಾಷೆ ಉಳಿಯುವುದು ಉತ್ಸವದ ಪದ್ಯಗಳಿಂದ ಮಾತ್ರವಲ್ಲ. ಬಾಳಿಗೆ ಬೇಕಾದುದನ್ನೆಲ್ಲ ಆ ಭಾಷೆ ಹೇಳಬಲ್ಲುದಾದರೆ ಉಳಿಯುತ್ತದೆ. ನಮ್ಮ ಊಟವನ್ನೇ ತೂಗಿ ನೋಡಿದ ಕೂನೂರಿನ ಪ್ರಯೋಗದ ವಿಷಯವನ್ನು ನಮ್ಮ ಮಗು ತನ್ನ ಮನೆಯ ಮಾತಿನಲ್ಲಿ ಓದಲಾರದೆ ಹೋದರೆ ಅದು ಭಾಷೆಗೂ ನಷ್ಟ, ಮಗುವಿಗೂ ನಷ್ಟ. ಇಂತಹ ವಿಷಯಗಳನ್ನು ಕುರಿತು ಚಿಕ್ಕ ಚಿಕ್ಕ ಪುಸ್ತಿಕೆಗಳನ್ನು ಸಂಘವು ಹೊರತರಲಿ. ಬರೆಯುವ ಕೆಲಸದಲ್ಲಿ ನಮ್ಮ ಕೈಲಾದುದನ್ನು ಮಾಡಲು ಸಿದ್ಧರಾಗಿದ್ದೇವೆ.

ಈಗ ನಮ್ಮ ಮನೆಯಲ್ಲಿ ರಾತ್ರಿಯ ಊಟಕ್ಕೆ ಮತ್ತೆ ಮುದ್ದೆ ಬಂದಿದೆ. ನಮ್ಮ ತಾಯಿಯವರು ಏನೂ ಹೇಳಲಿಲ್ಲ. ಇನ್ನೊಂದು ಸೌಟು ಸೊಪ್ಪಿನ ಸಾರನ್ನು ಬಡಿಸಿದರು. ವಾರಕ್ಕೆರಡು ದಿನ ನಾವು ರಾಗಿಯ ರೊಟ್ಟಿಯ ಡಬ್ಬಿಯನ್ನು ಶಾಲೆಗೆ ಒಯ್ದು, ಜಗಲಿಯ ಮೇಲೆ ಮಕ್ಕಳ ನಡುವೆಯೇ ಕುಳಿತು ಮುಚ್ಚಳ ತೆಗೆದು ಉಣ್ಣುತ್ತೇವೆ. ಮೊದಲ ದಿನ ಕೆಲವರು ನಕ್ಕರು. ಮೂರನೆಯ ವಾರ ಆ ಹುಡುಗಿ ನಮ್ಮೆದುರಿಗೇ ಬಂದು ಕುಳಿತಳು. ಮುಚ್ಚಳ ಪಕ್ಕದಲ್ಲಿತ್ತು. “ಸಾರ್, ನಮ್ಮವ್ವನ ಚಟ್ನಿ ಹಾಕ್ಕೊಳ್ಳಿ” ಎಂದಳು. ಹಾಕಿಸಿಕೊಂಡೆವು.